ಒಂದು ಬೇರು, ಒಂದು ಬೀಜ: ನಡುಕದ ರೋಗಕ್ಕೆ ಔಷಧ ದೊರೆತ ಬಗೆ

ಹಿತ್ತಲ ಗಿಡ ಮದ್ದಲ್ಲ ಎಂಬುದು ನಮ್ಮ ಹಿರಿಯರ ಗಾದೆ. ಊರು ಬಿಟ್ಟು ಬಂದು ಡಮ್ ಡಮ್ ಕಡೆ ನೆಲೆಸಿರುವ ನಮಗೆ ಈ ಗಾದೆ ಇನ್ನೊಂದು ಬಗೆಯಲ್ಲಿಯೂ ಸಲ್ಲುತ್ತದೆ. ನಾವು ಅನ್ನ ಉಣ್ಣುತ್ತಿರುವ ನಗರದ ಹಿತ್ತಲಲ್ಲಿ ಏನೇನು ನಡೆದಿದೆ ಎಂಬುದು ನಮಗೆ ತಿಳಿದಿರುವುದು ಕಡಿಮೆ. ಡಮ್ ಡಮ್ ಎಂದೊಡನೆ ನಮಗೆ ವಿಮಾನ ನಿಲ್ದಾಣ ನೆನಪಾಗುತ್ತದೆ. ವೈದ್ಯರಿಗಾದರೋ ಒಂದು ಕಾಲದಲ್ಲಿ ಜ್ವರ ನೆನಪಾಗುತ್ತಿತ್ತು. ಇಲ್ಲಿನ ದಂಡಿನಲ್ಲಿದ್ದು ಇಂಗ್ಲೆಂಡಿಗೆ ಹಿಂದಿರುಗಿದ ಸಿಪಾಯಿಯೊಬ್ಬ 1900ರಲ್ಲಿ ತೀರಿಕೊಂಡಾಗ, ಲೀಷ್‌ಮನ್ ಎಂಬ ವೈದ್ಯರು ಅವನ ಗುಲ್ಮದಲ್ಲಿ ಕಾಲಾ ಅಜಾರ್ ರೋಗದ ಸೂಕ್ಷ್ಮ ಜೀವಿಯನ್ನು ಕಂಡರು. 'ಡಮ್ ಡಮ್ ಜ್ವರ' ಎಂಬ ಹೆಸರು ಹೀಗೆ ವೈದ್ಯಗ್ರಂಥಗಳನ್ನು ಸೇರಿತು. ಆ ರೋಗಕ್ಕೆ ಮದ್ದು ಕಂಡುಹಿಡಿದ ಉಪೇಂದ್ರನಾಥ ಬ್ರಹ್ಮಚಾರಿಯವರ ಹೆಸರನ್ನು ಬಂಗಾಳದಲ್ಲಿ ಅನೇಕರು ಬಲ್ಲರು. ಆದರೆ ಪಾರ್ಕಿನ್‌ಸನ್ ರೋಗದ ಔಷಧದ ಕಥೆಗೂ ಈ ನಗರಕ್ಕೂ ಸಂಬಂಧವುಂಟು ಎಂಬುದನ್ನು ಬಲ್ಲವರು ವಿರಳ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ಆರು ಮಂದಿ ರೋಗಿಗಳನ್ನು ಕುರಿತು ಒಂದು ಚಿಕ್ಕ ಪುಸ್ತಕ ಬರೆದರು. ಅವರಲ್ಲಿ ಕೆಲವರನ್ನು ಅವರು ಬೀದಿಯಲ್ಲಿ ಕಂಡು ಗಮನಿಸಿದ್ದಷ್ಟೆ. ಸುಮ್ಮನಿರುವ ಕೈಯಲ್ಲಿ ನಡುಕ, ಮೈ ಬಿಗಿತ, ಚಲನೆಯಲ್ಲಿ ನಿಧಾನ, ನಡೆಯುವಾಗ ಮುಂದಕ್ಕೆ ಬಾಗಿ ಮುಗ್ಗರಿಸುವಂತಾಗುವುದು ಇವು ಇದರ ಲಕ್ಷಣಗಳು. ಆಯುರ್ವೇದದವರು ಕಂಪವಾತವೆಂದು ಕರೆಯುವುದು ಬಹುಮಟ್ಟಿಗೆ ಇದನ್ನೇ ಹೋಲುತ್ತದೆ. ನಮ್ಮಂತಹ ದೂರವಾಸಿಗಳು ಗಮನಿಸಬೇಕಾದ ಇನ್ನೊಂದು ಕುರುಹೂ ಇದೆ. ಊರಿನಿಂದ ಬರುವ ಕಾಗದದಲ್ಲಿ ತಂದೆಯವರ ಅಕ್ಷರ ಸಾಲಿನ ಕೊನೆಗೆ ಹೋಗುತ್ತಾ ಸಣ್ಣದಾಗುವುದು, ಫೋನಿನಲ್ಲಿ ಧ್ವನಿ ಕ್ಷೀಣಿಸುವುದು ಇದರ ಮುನ್ಸೂಚನೆಯಿರಬಹುದು. ವಯಸ್ಸಾಯಿತು ಎಂದು ನಾವು ತಳ್ಳಿಹಾಕುವುದು ಇದನ್ನೇ.

ಪುಸ್ತಕ ಬಂದು ನೂರು ವರ್ಷ ಕಳೆದರೂ ರೋಗದ ಕಾರಣ ತಿಳಿದಿರಲಿಲ್ಲ. ಇಲ್ಲಿಂದ ಮುಂದೆ ನಮ್ಮ ಕಥೆ ಕಲ್ಕತ್ತೆಗೆ ಬರುತ್ತದೆ.

ಬಂಗಾಳ ಬಿಹಾರಗಳಲ್ಲಿ ಹುಚ್ಚಿನ ಮದ್ದೆಂದು ಬಹುಕಾಲದಿಂದ ಮಾರುತ್ತಿದ್ದ ಬೇರೊಂದಿತ್ತು. ಅದೇ ನಮ್ಮ ಸರ್ಪಗಂಧಿ. ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಗಿಡ. 1931ರಲ್ಲಿ ಕವಿರಾಜ ಗಣನಾಥ ಸೇನ್ ಮತ್ತು ಡಾಕ್ಟರ್ ಕಾರ್ತಿಕಚಂದ್ರ ಬೋಸ್ ಇಬ್ಬರೂ ಸೇರಿ, ಈ ಬೇರಿನ ಪುಡಿ ಹುಚ್ಚಿನ ಉದ್ರೇಕವನ್ನೂ ರಕ್ತದ ಒತ್ತಡವನ್ನೂ ತಗ್ಗಿಸುತ್ತದೆಂದು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. (ಬಂಗಾಳದಲ್ಲಿ ಕವಿರಾಜರೆಂದರೆ ಕಾವ್ಯ ಬರೆಯುವವರಲ್ಲ, ಆಯುರ್ವೇದ ಪಂಡಿತರು ಎಂಬುದನ್ನು ಹೊಸದಾಗಿ ಬಂದ ನಮ್ಮವರು ಬೇಗ ಕಲಿಯುತ್ತಾರೆ.) ಸೇನರು ಆಯುರ್ವೇದವನ್ನೂ ಪಾಶ್ಚಾತ್ಯ ವೈದ್ಯವನ್ನೂ ಅಭ್ಯಾಸ ಮಾಡಿದವರು. ಅದೇ ವರ್ಷ ದಿಲ್ಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿಯವರು ಬೇರಿನಿಂದ ಕ್ಷಾರಸತ್ವಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಂ ಅಜ್ಮಲ್ ಖಾನರ ನೆನಪಿನಲ್ಲಿ ಅಜ್ಮಲಿನ್ ಎಂದು ಹೆಸರಿಟ್ಟರು. ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯಲ್ಲಿ ರಾಮನಾಥ ಚೋಪ್ರಾ ಮತ್ತು ಸಂಗಡಿಗರು ಅದರ ಗುಣವನ್ನು ಪರೀಕ್ಷಿಸಿದರು. ಆ ವೈದ್ಯಶಾಲೆ ಚಿತ್ತರಂಜನ್ ಅವೆನ್ಯೂದಲ್ಲಿದೆ. ಡಮ್ ಡಮ್‌ನಲ್ಲಿ ಮೆಟ್ರೋ ಹತ್ತಿ ಸೆಂಟ್ರಲ್‌ನಲ್ಲಿ ಇಳಿದರೆ ನಡಿಗೆಯ ದೂರ.

1949ರಲ್ಲಿ ಮುಂಬಯಿಯ ಹೃದಯತಜ್ಞ ರುಸ್ತುಂ ವಕೀಲರು ಐವತ್ತು ಮಂದಿ ರೋಗಿಗಳಿಗೆ ಸರ್ಪಗಂಧಿ ಕೊಟ್ಟು ಪಡೆದ ಫಲವನ್ನು ಬ್ರಿಟಿಷ್ ಪತ್ರಿಕೆಯಲ್ಲಿ ಬರೆದಾಗ ಜಗತ್ತು ಕಣ್ಣುಬಿಟ್ಟಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನ ಮುಖ್ಯ ಸತ್ವವಾದ ರಿಸರ್ಪಿನ್ ಅನ್ನು ಬೇರ್ಪಡಿಸಿದರು. ಅದು ದೇಶದೇಶಗಳ ಮಾನಸಿಕ ಆಸ್ಪತ್ರೆಗಳಿಗೆ ಹೋಯಿತು. ಅಲ್ಲಿಯೇ ಅದರ ದೋಷವೂ ಬಯಲಿಗೆ ಬಂದಿತು. ಹೆಚ್ಚು ಪ್ರಮಾಣದಲ್ಲಿ ಸೇವಿಸಿದ ಕೆಲವರಿಗೆ ಕೈ ನಡುಗಿತು, ಮೈ ಬಿಗಿಯಿತು, ಮುಖ ನಿರ್ಭಾವವಾಯಿತು. ಔಷಧ ನಿಲ್ಲಿಸಿದರೆ ಸರಿಹೋಗುತ್ತಿತ್ತು. ಪಾರ್ಕಿನ್‌ಸನ್ ವರ್ಣಿಸಿದ ರೋಗದ ನೆರಳೇ ಅಲ್ಲಿ ಬಿದ್ದಂತಿತ್ತು.

ಈ ದೋಷವೇ ಮುಂದಿನವರಿಗೆ ದಾರಿ ತೋರಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ರಿಸರ್ಪಿನ್ ಕೊಟ್ಟು ಮೊಲಗಳನ್ನು ನಿಶ್ಚಲಗೊಳಿಸಿ, ಆಮೇಲೆ ಎಲ್-ಡೋಪ ಎಂಬ ವಸ್ತುವಿನ ಚುಚ್ಚುಮದ್ದು ಕೊಟ್ಟರು. ಮೊಲಗಳು ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ಓಡಾಡಿದವು. ಇದು ಪ್ರಕಟವಾದದ್ದು 1957ರಲ್ಲಿ. ನರಕೋಶಗಳು ಡೋಪಮೈನ್ ಎಂಬ ರಸವನ್ನು ಸಣ್ಣ ಸಣ್ಣ ಕೋಶಿಕೆಗಳಲ್ಲಿ ಕೂಡಿಡುತ್ತವೆ. ರಿಸರ್ಪಿನ್ ಈ ಕಣಜಗಳಿಗೆ ಧಾನ್ಯ ಸೇರದಂತೆ ಮಾಡುತ್ತದೆ. ಕಣಜ ಬರಿದಾದರೆ ಮೈ ಚಲಿಸದು. ಡೋಪಮೈನನ್ನೇ ನೇರವಾಗಿ ಕೊಟ್ಟರೆ ಅದು ರಕ್ತದಿಂದ ಮಿದುಳಿಗೆ ದಾಟದು. ಎಲ್-ಡೋಪ ದಾಟುತ್ತದೆ, ಅಲ್ಲಿ ಡೋಪಮೈನ್ ಆಗುತ್ತದೆ. ಕಾರ್ಲ್‌ಸನ್ನರಿಗೆ ಈ ಸಾಧನೆಗಾಗಿ 2000ದಲ್ಲಿ ನೊಬೆಲ್ ಪಾರಿತೋಷಕ ಬಂದಿತು.

1960ರಲ್ಲಿ ವಿಯೆನ್ನಾದ ಹೋರ್ನಿಕೀವಿಚ್ ಮತ್ತು ಎರಿಂಗರ್, ಈ ರೋಗದಿಂದ ಬಳಲಿ ತೀರಿಕೊಂಡವರ ಮಿದುಳಿನಲ್ಲಿ ಡೋಪಮೈನ್ ಬಹಳ ಕಡಿಮೆಯಿರುವುದನ್ನು ತೋರಿಸಿದರು. ಮರುವರ್ಷ ಅಲ್ಲಿಯೇ ರೋಗಿಗಳಿಗೆ ಎಲ್-ಡೋಪ ಚುಚ್ಚಿದಾಗ ಏಳಲಾರದವರು ಎದ್ದರು, ಆದರೆ ಗುಣ ಕೆಲವು ಗಂಟೆ ಮಾತ್ರ ನಿಂತಿತು. ಅಮೆರಿಕದ ಜಾರ್ಜ್ ಕೊಟ್ಜಿಯಸ್ 1967ರಲ್ಲಿ ಹದಿನಾರು ಮಂದಿಗೆ ಬಾಯಿಯ ಮೂಲಕ ಕೊಂಚಕೊಂಚವಾಗಿ ಪ್ರಮಾಣ ಏರಿಸುತ್ತಾ ಹೋಗಿ ದೀರ್ಘಕಾಲದ ಗುಣ ಸಾಧಿಸಿದರು. ಮುಂದೆ ಕಾರ್ಬಿಡೋಪ ಎಂಬ ಜೊತೆಗಾರ ಔಷಧ ಸೇರಿ ವಾಂತಿಯ ಕಾಟ ತಗ್ಗಿತು. ಇಂದಿಗೂ ಈ ರೋಗಕ್ಕೆ ಮುಖ್ಯ ಮದ್ದು ಇದೇ. ಇದು ಲಕ್ಷಣಗಳನ್ನು ತಗ್ಗಿಸುತ್ತದೆಯೇ ಹೊರತು ರೋಗವನ್ನು ಬೇರುಸಹಿತ ಕೀಳುವುದಿಲ್ಲ.

ಬೇರಿನ ಕಥೆ ಇದಾಯಿತು, ಇನ್ನು ಬೀಜದ್ದು. ನಸುಗುನ್ನಿಕಾಯಿಯನ್ನು ಬಲ್ಲದ ಹಳ್ಳಿಯ ಮಕ್ಕಳುಂಟೆ? ಅದರ ರೋಮ ತಗುಲಿದರೆ ತುರಿಕೆ ತಡೆಯಲಾಗದು. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಜೀವರಸಾಯನ ವಿಜ್ಞಾನಿಗಳು ಇದರ ಬೀಜದಿಂದ ಎಲ್-ಡೋಪವನ್ನು ಬೇರ್ಪಡಿಸಿದ್ದರು. ಕಲ್ಕತ್ತೆಯಲ್ಲಿ ಕಣಜ ಬರಿದು ಮಾಡುವ ಬೇರು, ಮದರಾಸಿನಲ್ಲಿ ಕಣಜ ತುಂಬುವ ಬೀಜ! ಎರಡರ ನಡುವೆ ಸಂಬಂಧ ಕಾಣಲು ಆಗ ಯಾರಿಗೂ ಸಾಧ್ಯವಿರಲಿಲ್ಲ, ಏಕೆಂದರೆ ಮಿದುಳಿನಲ್ಲಿ ಡೋಪಮೈನಿನ ಕೆಲಸವೇ ತಿಳಿದಿರಲಿಲ್ಲ. ಆದಕಾರಣ, ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತು ಎಂಬ ಮಾತು ಎಷ್ಟು ತಪ್ಪೋ, ಎಲ್ಲವೂ ಪಶ್ಚಿಮದಿಂದಲೇ ಬಂದಿತು ಎಂಬ ಮಾತೂ ಅಷ್ಟೇ ತಪ್ಪು.

ಹಾಗಾದರೆ ನಸುಗುನ್ನಿಯ ಪುಡಿಯನ್ನೇ ಕೊಡಬಾರದೇಕೆ ಎಂದು ನಮ್ಮಲ್ಲಿ ಅನೇಕರು ಕೇಳುತ್ತಾರೆ. ಪರೀಕ್ಷೆಗಳು ನಡೆದಿವೆ. 1995ರಲ್ಲಿ ಪ್ರಕಟವಾದ ಭಾರತದ ಒಂದು ಅಧ್ಯಯನದಲ್ಲಿ ಅರವತ್ತು ಮಂದಿಗೆ ಹನ್ನೆರಡು ವಾರ ಬೀಜದ ಪುಡಿ ಕೊಟ್ಟಾಗ ಗುಣ ಕಂಡಿತು. ಆದರೆ ಅಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪಿರಲಿಲ್ಲ. 2004ರಲ್ಲಿ ಲಂಡನ್ನಿನಲ್ಲಿ, ಯಾವುದು ಪುಡಿ ಯಾವುದು ಮಾತ್ರೆ ಎಂದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಹೋಲಿಸಿದಾಗ, ಪುಡಿ ಮಾತ್ರೆಗಿಂತ ಬೇಗ ಕೆಲಸಮಾಡಿತು. ಆದರೆ ಅಲ್ಲಿದ್ದವರು ಎಂಟೇ ಮಂದಿ. ಇಷ್ಟರಿಂದ ವರ್ಷಗಟ್ಟಲೆಯ ಸೇವನೆಯ ವಿಷಯ ನಿರ್ಣಯಿಸಲಾಗದು.

ಹೋಲಿಕೆಯ ಪರೀಕ್ಷೆ ಈ ರೋಗದಲ್ಲಿ ಏಕೆ ಇಷ್ಟು ಮುಖ್ಯವೆಂಬುದಕ್ಕೆ ಸೊಗಸಾದ ಕಾರಣವೊಂದಿದೆ. 2001ರಲ್ಲಿ ಕೆನಡಾದ ಸಂಶೋಧಕರು ರೋಗಿಗಳಿಗೆ ಬರಿಯ ಉಪ್ಪುನೀರು ಕೊಟ್ಟು, ಔಷಧವಿರಬಹುದು ಎಂಬ ನಿರೀಕ್ಷೆಯಲ್ಲಿಟ್ಟು ಮಿದುಳಿನ ಚಿತ್ರ ತೆಗೆದರು. ನಿರೀಕ್ಷೆಯಿಂದಲೇ ಡೋಪಮೈನ್ ಒಸರಿತ್ತು! ಭರವಸೆಯೇ ಕ್ಷಣಕಾಲ ಮದ್ದಾಗುವ ರೋಗದಲ್ಲಿ, "ನಮ್ಮ ಮಾವನವರಿಗೆ ಗುಣವಾಯಿತು" ಎಂಬ ಒಂದು ಮಾತನ್ನು ಸಾಕ್ಷ್ಯವೆಂದು ಹಿಡಿಯುವುದು ಹೇಗೆ?

ಆದುದರಿಂದ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಅಂಗಡಿಯ ಪುಡಿಯಲ್ಲಿ ಎಲ್-ಡೋಪ ಎಷ್ಟಿದೆಯೆಂಬುದು ಒಂದೊಂದರಲ್ಲಿ ಒಂದೊಂದು ಬಗೆ. ವೈದ್ಯರಿಗೆ ತಿಳಿಸದೆ ಮಾತ್ರೆಯ ಜೊತೆ ಅದನ್ನು ಕೊಟ್ಟರೆ ಪ್ರಮಾಣ ಮೀರಬಹುದು. ಪುಡಿಯನ್ನು ನಂಬಿ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದಂತೂ ಪ್ರಾಣಕ್ಕೇ ಅಪಾಯ. ಊರಿನಿಂದ ಬಂದ ಹಿರಿಯರಿಗೆ ಇಲ್ಲಿನ ಭಾಷೆ ಬಾರದು, ಧ್ವನಿಯೂ ತಗ್ಗಿರುತ್ತದೆ. ಎಷ್ಟು ಗಂಟೆಗೆ ಮಾತ್ರೆ ತೆಗೆದುಕೊಂಡರು, ಎಷ್ಟು ಗಂಟೆಗೆ ಅದರ ಗುಣ ಇಳಿಯಿತು ಎಂಬುದನ್ನು ಮನೆಯವರು ಬರೆದಿಟ್ಟು ವೈದ್ಯರಿಗೆ ಹೇಳಬೇಕು. ಅದೂ ಒಂದು ಶುಶ್ರೂಷೆಯೇ.

ಹಿತ್ತಲ ಗಿಡ ಮದ್ದೇ ಹೌದು. ಆದರೆ ಅದನ್ನು ಮದ್ದು ಮಾಡಿದ್ದು ತಕ್ಕಡಿ, ತಾಳ್ಮೆ ಮತ್ತು ಗುಣದೊಡನೆ ದೋಷವನ್ನೂ ಮರೆಮಾಚದೆ ಬರೆದಿಟ್ಟವರ ಪ್ರಾಮಾಣಿಕತೆ.