ಡೆನ್ವರಿನ ಯೆಹೂದ್ಯ ಕ್ಷಯಾರೋಗ್ಯಧಾಮದ ದಿನಚರಿಯೂ ಆಹಾರನಿಯಮವೂ

ಶುದ್ಧವಾಯು, ವಿಶ್ರಾಂತಿ, ಪುಷ್ಟಿಕರವಾದ ಆಹಾರ ಇವಲ್ಲದೆ ಕ್ಷಯಕ್ಕೆ ಬೇರೆ ಚಿಕಿತ್ಸೆ ಕಾಣದಿದ್ದ ಕಾಲವೊಂದಿತ್ತು. ರಾಬರ್ಟ್ ಕಾಕ್ 1882ರಲ್ಲಿ ರೋಗಾಣುವನ್ನು ತೋರಿಸಿಕೊಟ್ಟನಾದರೂ ಅದನ್ನು ನಿಗ್ರಹಿಸುವ ಸ್ಟ್ರೆಪ್ಟೊಮೈಸಿನ್ ಬೆಳಕಿಗೆ ಬಂದುದು 1943ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಸೋದರಿ ಕೃಷ್ಣಾಜಮ್ಮಣ್ಣಿಯವರ ಸ್ಮರಣೆಗಾಗಿ 1921ರಲ್ಲಿ ಮೈಸೂರಿನಲ್ಲಿ ತೆರೆದ ಆರೋಗ್ಯಧಾಮವು ಈ ನಡುಗಾಲಕ್ಕೆ ಸೇರಿದುದು. ಅದೇ ಯುಗದಲ್ಲಿ ಅಮೆರಿಕದ ಕೊಲರಾಡೊ ಸಂಸ್ಥಾನದ ಡೆನ್ವರಿನಲ್ಲಿ ಯೆಹೂದ್ಯರು ನಡೆಸಿದ ಆರೋಗ್ಯಧಾಮವೊಂದನ್ನು ಇಲ್ಲಿ ವಿಚಾರಿಸುತ್ತೇವೆ; ಅಲ್ಲಿ ಊಟವು ಔಷಧವೂ ಆಗಿದ್ದಿತು, ಧರ್ಮವಿಷಯವೂ ಆಗಿದ್ದಿತು.

ಎತ್ತರದ ಒಣಹವೆ ಹಿತಕರವೆಂಬ ನಂಬಿಕೆಯಿಂದ ಕ್ಷಯರೋಗಿಗಳು ಡೆನ್ವರಿಗೆ ಗುಂಪುಗುಂಪಾಗಿ ಬರುತ್ತಿದ್ದರು. 1899ರಲ್ಲಿ ಪ್ರಾರಂಭವಾದ ನ್ಯಾಷನಲ್ ಜ್ಯೂಯಿಷ್ ಆಸ್ಪತ್ರೆಯು ಯಾರಿಂದಲೂ ಹಣ ಪಡೆಯುತ್ತಿರಲಿಲ್ಲ. ಆದರೆ ಮೊದಲಲ್ಲಿ ಅಲ್ಲಿ ರೋಗವಿನ್ನೂ ಬಲಿಯದವರಿಗೆ ಮಾತ್ರ ಪ್ರವೇಶ. ವಾಸಕ್ಕೆ ಆರು ತಿಂಗಳ ಮಿತಿ. ಹಾಸಿಗೆಗಳು ಕಡಮೆಯಿರುವಲ್ಲಿ ಬದುಕುವ ಭರವಸೆಯುಳ್ಳವರನ್ನು ಆರಿಸಿಕೊಂಡುದನ್ನು ನಿರ್ದಯತೆಯೆಂದು ನಾವು ಹೇಳಲಾರೆವು. ಆದರೂ ಪೂರ್ವ ಯುರೋಪಿನಿಂದ ವಲಸೆ ಬಂದ ಬಡ ಕಾರ್ಮಿಕರಿಗೆ ಇದು ಸಮ್ಮತವಾಗಲಿಲ್ಲ. ಅಲ್ಲಿಯ ಊಟ ತಮ್ಮ ಶಾಸ್ತ್ರಕ್ಕೆ ಹೊಂದದೆಂಬ ದೂರೂ ಇದ್ದಿತು. ಸ್ವತಃ ರೋಗಿಗಳಾಗಿದ್ದವರೂ ಸೇರಿ 1904ರಲ್ಲಿ ಜ್ಯೂಯಿಷ್ ಕನ್ಸಂಪ್ಟಿವ್ಸ್ ರಿಲೀಫ್ ಸೊಸೈಟಿಯನ್ನು ಕಟ್ಟಿ, ಯಾವ ಹಂತದ ರೋಗಿಯನ್ನಾದರೂ ಉಚಿತವಾಗಿ ಸೇರಿಸಿಕೊಂಡರು. ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿದ ಡಾ. ಚಾರ್ಲ್ಸ್ ಸ್ಪಿವಾಕ್ 1927ರಲ್ಲಿ ತೀರಿಕೊಳ್ಳುವವರೆಗೂ ಅದರ ಕಾರ್ಯದರ್ಶಿಯಾಗಿದ್ದನು.

ಮೊದಮೊದಲು ರೋಗಿಗಳ ವಾಸ ಮರದ ಕಟ್ಟಿನ ಡೇರೆಗಳಲ್ಲಿ. ಚಳಿಗಾಲದಲ್ಲಿಯೂ ತೆರೆದ ಗಾಳಿಯಲ್ಲಿ ಮಲಗುವುದು, ಜ್ವರಮಾಪಕ, ಕಫದ ಬಟ್ಟಲು, ಗಂಟೆಗಟ್ಟಲೆ ಸುಮ್ಮನೆ ಒರಗಿರುವ ಕಟ್ಟಳೆ: ಇವು ಆ ಕಾಲದ ಆರೋಗ್ಯಧಾಮಗಳಿಗೆಲ್ಲ ಸಾಮಾನ್ಯ. ವಿಶೇಷವಾದುದು ಯಿದ್ದಿಷ್ ಮಾತಿನ ಬಳಕೆ. ಕ್ಷಯಪೀಡಿತನಾಗಿ ಡೆನ್ವರಿಗೆ ಬಂದಿದ್ದ ಕವಿ ಯೆಹೋವಾಷನು ಸ್ಪಿವಾಕನೊಡಗೂಡಿ 1911ರಲ್ಲಿ ಯಿದ್ದಿಷ್ ನಿಘಂಟೊಂದನ್ನೇ ಪ್ರಕಟಿಸಿದನು. 1926ರಲ್ಲಿ ಆವರಣದೊಳಗೇ ಪ್ರಾರ್ಥನಾಮಂದಿರವೂ ಎದ್ದಿತು.

ಇನ್ನು ಪಾಕಶಾಲೆ. ಕ್ಷಯರೋಗಿಗೆ ಹಾಲು, ಮೊಟ್ಟೆ, ಮಾಂಸಗಳನ್ನು ಹೇರಳವಾಗಿ ಕೊಡಬೇಕೆಂಬುದು ಅಂದಿನ ವೈದ್ಯಮತ. ಯೆಹೂದ್ಯ ಶಾಸ್ತ್ರದಲ್ಲಾದರೋ ಹಾಲೂ ಮಾಂಸವೂ ಒಂದೇ ಊಟದಲ್ಲಿ ಕೂಡದು. ಪಾತ್ರೆಗಳು ಸಹ ಬೇರೆ. ಪ್ರಾಣರಕ್ಷಣೆಗಾಗಿ ನಿಯಮವನ್ನು ಸಡಿಲಿಸಬಹುದೆಂದು ಅದೇ ಶಾಸ್ತ್ರವು ಒಪ್ಪುತ್ತದೆ. ಆದರೂ ಸೊಸೈಟಿಯು ಆ ಸೌಲಭ್ಯವನ್ನು ಅವಲಂಬಿಸದೆ ಶಾಸ್ತ್ರೋಕ್ತವಾದ ಅಡುಗೆಯನ್ನೇ ನಡೆಸಿತು. ಹವ್ಯಕರ ಮಡಿಯನ್ನೂ ನವಾಯತರ ಹಲಾಲು ನಿಯಮವನ್ನೂ ನೆರೆಯಲ್ಲೇ ಕಂಡಿರುವ ಕುಮಟಾ, ಹೊನ್ನಾವರ, ಭಟ್ಕಳಗಳ ಓದುಗರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ಮನೆಯವರಿಂದ ದೂರವಾಗಿ ಮಲಗಿದ, ಮೊದಲೇ ಹಸಿವು ಸತ್ತ ರೋಗಿಯು ತಟ್ಟೆಯನ್ನು ಶಂಕಿಸಿ ಹಿಂದೆ ತಳ್ಳಿದನೆಂದರೆ ಚಿಕಿತ್ಸೆಯ ಮೂರರಲ್ಲೊಂದು ಭಾಗ ಅಲ್ಲಿಗೇ ನಿಂತುಹೋಗುತ್ತಿತ್ತು.

ಔಷಧಗಳು ಬಂದಮೇಲೆ ಕ್ಷಯಧಾಮದ ಅಗತ್ಯ ತಗ್ಗಿತು. 1954ರಲ್ಲಿ ಸಂಸ್ಥೆಯು ಕ್ಯಾನ್ಸರ್ ಚಿಕಿತ್ಸೆಯ ಕಡೆಗೆ ತಿರುಗಿತು. ರೋಗ ಬಲಿತು ಬಂದವರಲ್ಲಿ ಅನೇಕರು ಊರಿಗೆ ಹಿಂದಿರುಗಲಿಲ್ಲ. ಅವರ ಸಮಾಧಿಗಳು ಗೋಲ್ಡನ್ ಹಿಲ್ ಎಂಬ ಸ್ಮಶಾನದಲ್ಲಿವೆ. ಮೊದಲಿನ ಆಸ್ಪತ್ರೆಯ ಆರಂಭದ ನಿಯಮದಂತಾಗಿದ್ದರೆ ಅವರಿಗೆ ಹಾಸಿಗೆಯೇ ದೊರೆಯುತ್ತಿರಲಿಲ್ಲ.