ಸ್ಟೌ ಪಿನ್ನಿನ ನೆಂಟಸ್ತಿಕೆ

ಪಂಪ್ ಸ್ಟೌವಿನ ಕಾಲ ಕಂಡವರಿಗೆ ಸ್ಟೌ ಪಿನ್ನನ್ನು ಪರಿಚಯಿಸಬೇಕಾಗಿಲ್ಲ. ತಗಡಿನ ಪಟ್ಟಿಯ ತುದಿಯಲ್ಲಿ ಕೂದಲೆಳೆಯಂಥ ಒಂದು ತಂತಿ, ಅಷ್ಟೆ. ನೆಂಟರು ಬಂದ ಹೊತ್ತಿಗೇ ಸ್ಟೌ ಕಟ್ಟಿಕೊಳ್ಳುತ್ತಿತ್ತು. ಉರಿ ಹಳದಿಯಾಗಿ ಪಾತ್ರೆಯ ತಳವೆಲ್ಲ ಮಸಿ. ಪಿನ್ನು ಹುಡುಕಿ ಒಮ್ಮೆ ಚುಚ್ಚಿದರೆ ಮತ್ತೆ ನೀಲಿ ಉರಿ. 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬಾತ ರೂಪಿಸಿದ ಈ ಬಗೆಯ ಒಲೆ ಸಮುದ್ರ ದಾಟಿ ನಮ್ಮ ಅಮ್ಮಂದಿರ ಅಡುಗೆಮನೆಯವರೆಗೂ ಬಂತು.

ಎಂಜಿನ್ ಎಂದರೆ ಗಂಡಸರ ವಿಷಯ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಸ್ಟೌ ಪಿನ್ನು ಹಿಡಿದ ಕೈಗೆ ಕಾರ್ಬೊರೇಟರ್ ಹೊಸದೇನಲ್ಲ. ಅಲ್ಲಿಯೂ ಅದೇ ಎಣ್ಣೆ, ಅದೇ ಸಣ್ಣ ತೂತು, ಕಟ್ಟಿಕೊಳ್ಳುವ ಅದೇ ರೋಗ.

ಕಾರ್ಬೊರೇಟರಿನ ಕೆಲಸ ಎಣ್ಣೆ ಮತ್ತು ಗಾಳಿಯನ್ನು ಹದವಾಗಿ ಬೆರೆಸಿ ಎಂಜಿನ್ನಿಗೆ ಕೊಡುವುದು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 15 ಪಾಲು ಗಾಳಿ ಬೇಕು. ಅದರ ತಳದಲ್ಲಿ ಒಂದು ಬಟ್ಟಲಿದೆ. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ಇರುತ್ತದಲ್ಲ, ಹಾಗೆಯೇ ಇಲ್ಲಿಯೂ ಒಂದು ತೇಲುಗುಂಡು. ಬಟ್ಟಲು ತುಂಬಿದರೆ ಅದು ಮೇಲೆದ್ದು ಎಣ್ಣೆಯ ದಾರಿ ಮುಚ್ಚುತ್ತದೆ. ಬಟ್ಟಲಿನ ಎಣ್ಣೆ ಹಿತ್ತಾಳೆಯ ಜೆಟ್ಟಿನ ತೂತಿನಿಂದ ಮೇಲೇರಿ ಗಾಳಿಯ ರಭಸಕ್ಕೆ ತುಂತುರಾಗುತ್ತದೆ. ಈ ತುಂತುರಿನ ಕಾರ್ಬೊರೇಟರನ್ನು 1893ರ ಸುಮಾರಿಗೆ ಜರ್ಮನಿಯಲ್ಲಿ ಮೇಬಾಕ್, ಹಂಗೆರಿಯಲ್ಲಿ ಬಾಂಕಿ ಮತ್ತು ಚೋಂಕಾ ಬೇರೆಬೇರೆಯಾಗಿಯೇ ರೂಪಿಸಿದರು.

ಅದಕ್ಕೂ ಐದು ವರ್ಷ ಮೊದಲಿನ ಕಥೆ ನಮ್ಮದು. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬಾಕೆ ಗಂಡನಿಗೆ ಹೇಳದೆ ಅವನು ಮಾಡಿದ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಹೊರಟಳು. ಎಲ್ಲಿಗೆ ಅಂತೀರಿ? ತವರಿಗೆ! ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿನ ದಾರಿ. ಅಷ್ಟು ದೂರ ಯಾರೂ ಮೋಟಾರು ಗಾಡಿಯಲ್ಲಿ ಹೋಗಿರಲಿಲ್ಲ. ಎಣ್ಣೆ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು. ಎಣ್ಣೆಯ ಕೊಳವೆ ಕಟ್ಟಿಕೊಂಡಾಗ ಟೋಪಿಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಚುಚ್ಚಿ ಬಿಡಿಸಿದಳಂತೆ. ಎಂಜಿನ್ನಿನ ಚರಿತ್ರೆಯ ಮೊದಲ ಪುಟಗಳಲ್ಲೇ ಹೆಂಗಸಿನ ಕೈಯ ಪಿನ್ನು ಇದೆ.

1917ರಲ್ಲಿ ಅಮೆರಿಕದಲ್ಲಿ ಹೆನ್ರಿ ಫೋರ್ಡನ ಫೋರ್ಡ್‌ಸನ್ ಟ್ರಾಕ್ಟರ್ ಬಂತು. ಪೆಟ್ರೋಲು ದುಬಾರಿ, ಸೀಮೆಎಣ್ಣೆ ಅಗ್ಗ. ಆದರೆ ತಣ್ಣಗಿರುವಾಗ ಸೀಮೆಎಣ್ಣೆ ಆವಿಯಾಗುವುದಿಲ್ಲ. ಸ್ಟೌ ಹಚ್ಚುವಾಗ ಬರ್ನರಿನ ಕೆಳಗಿನ ಬಟ್ಟಲಿಗೆ ಸ್ಪಿರಿಟ್ ಹಾಕಿ ಕಾಯಿಸುತ್ತಿರಲಿಲ್ಲವೇ? ರೈತನೂ ಹಾಗೆಯೇ ಪೆಟ್ರೋಲಿನಲ್ಲಿ ಶುರು ಮಾಡಿ, ಎಂಜಿನ್ ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಿದ್ದ.

ನಮ್ಮ ದೇಶದಲ್ಲಿ 1959ರಲ್ಲಿ ಫರೀದಾಬಾದಿನಲ್ಲಿ ಟ್ರಾಕ್ಟರ್ ತಯಾರಾಗತೊಡಗಿದಾಗ ಅದು ಡೀಸೆಲ್ಲಿನದು. ಡೀಸೆಲ್ ಎಂಜಿನ್ನಿಗೆ ಕಾರ್ಬೊರೇಟರೇ ಇಲ್ಲ. ಮೇಲಾಗಿ ಉಪ್ಪುಂದದಂಥ ಊರಿನ ತುಂಡು ಗದ್ದೆಗಳಲ್ಲಿ ಟ್ರಾಕ್ಟರ್ ತಿರುಗಲಿಕ್ಕೂ ಜಾಗವಿರಲಿಲ್ಲ. ಆ ಹಳೆಯ ಟ್ರಾಕ್ಟರಿನ ವಿದ್ಯೆ ನಮ್ಮಲ್ಲಿಗೆ ಬಂದದ್ದು ಎರಡು ಬೇರೆ ದಾರಿಯಲ್ಲಿ: ಒಂದು ಗದ್ದೆಯ ಪಂಪ್‌ಸೆಟ್ಟು, ಇನ್ನೊಂದು ನಾಡದೋಣಿಯ ಎಂಜಿನ್ನು.

ಬತ್ತದ ಕೊಯ್ಲಾದ ಮೇಲೆ ನಮ್ಮ ಕಡೆಯ ಮರಳುಗದ್ದೆಗೆ ನೆಲಗಡಲೆ ಹಾಕುತ್ತಾರೆ. ಮಳೆಯಿಲ್ಲದ ತಿಂಗಳುಗಳವು. ಗದ್ದೆಯ ಬದಿಯ ಹೊಂಡದಿಂದ ಎರಡು ಕೈಯಲ್ಲಿ ಎರಡು ಕೊಡಪಾನ ಹಿಡಿದು ನೀರು ಹೊಯ್ಯುವುದು ಹೆಂಗಸರ ಪಾಲಿಗೆ. ಸೀಮೆಎಣ್ಣೆಯ ಸಣ್ಣ ಪಂಪು ಬಂದಾಗ ಅಮ್ಮನ ರಟ್ಟೆಗೆ ಬಿಡುವಾಯಿತು. ಅದು ಕೆಟ್ಟು ಕೂತ ದಿನ ಕೊಡಪಾನ ಮತ್ತೆ ಅಮ್ಮನ ಕೈಗೇ. ಹಾಗಾಗಿ ಕಾರ್ಬೊರೇಟರಿನ ಯೋಗಕ್ಷೇಮ ನಮ್ಮ ಮನೆಯಲ್ಲಿ ಅಪ್ಪಯ್ಯನಿಗಿಂತ ಅಮ್ಮನಿಗೇ ಹೆಚ್ಚು ಬೇಕಾಗಿತ್ತು.

ಅಮ್ಮ ಅದನ್ನು ಬಿಚ್ಚಿ ತೊಳೆಯುವ ಕ್ರಮ ನನಗೆ ಬಾಯಿಪಾಠ. ಮೊದಲು ಒಲೆಯಿಂದ ದೂರ, ಗಾಳಿಯಾಡುವ ಜಗಲಿಯಲ್ಲಿ ಕೂರುವುದು. ಎಣ್ಣೆಯ ನಲ್ಲಿ ಮುಚ್ಚಿ ಬಟ್ಟಲು ಬಿಚ್ಚಿದರೆ ತಳದಲ್ಲಿ ಎರಡು ಹನಿ ನೀರು, ಬೆಲ್ಲದ ಪಾಕದಂಥ ಕಂದು ಅಂಟು. ಗಾಳಿಯ ಹದ ಮಾಡುವ ಸ್ಕ್ರೂ ತೆಗೆಯುವ ಮೊದಲು ಅದು ಪೂರ್ತಿ ಬಿಗಿಯಾಗಲು ಎಷ್ಟು ಸುತ್ತು ಬೇಕೆಂದು ಎಣಿಸಿಕೊಳ್ಳಬೇಕು, ಹಾಕುವಾಗ ಅಷ್ಟೇ ಸುತ್ತು ಸಡಿಲ ಬಿಡಬೇಕು. ತೇಲುಗುಂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಬೇಕು. ಒಳಗೆ ಎಣ್ಣೆಯ ಸದ್ದು ಬಂದರೆ ಅದು ತೂತಾಗಿದೆ, ತೇಲುವುದಿಲ್ಲ. ಜೆಟ್ಟನ್ನು ಪೆಟ್ರೋಲಿನಲ್ಲಿ ನೆನೆಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಬೆಳಕಿಗೆ ಹಿಡಿದರೆ ತೂತು ಚುಕ್ಕಿಯಂತೆ ಹೊಳೆಯಬೇಕು. ಸ್ಟೌ ಪಿನ್ನನ್ನು ಮಾತ್ರ ಅದಕ್ಕೆ ಹಾಕಗೊಡುತ್ತಿರಲಿಲ್ಲ. ಹಿತ್ತಾಳೆ ಮೆದು, ಉಕ್ಕಿನ ತಂತಿ ತೂತನ್ನು ದೊಡ್ಡದು ಮಾಡಿದರೆ ಎಣ್ಣೆ ಹೆಚ್ಚು ಕುಡಿದು ಹೊಗೆಯುಗುಳುತ್ತದೆ. ಪಿನ್ನು ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ಅಮ್ಮ ಸ್ಟೌವಿನಿಂದಲೇ ಕಲಿತಿದ್ದರು. ಚುಚ್ಚಿ ಚುಚ್ಚಿ ಅಗಲವಾದ ನಿಪ್ಪಲ್ಲು ಎಷ್ಟು ಎಣ್ಣೆ ನುಂಗುತ್ತದೆಂದು ರೇಷನ್ ಸಾಲಿನಲ್ಲಿ ನಿಂತವರಿಗೆ ಗೊತ್ತು.

ದೋಣಿಯ ಎಂಜಿನ್ನಿನಲ್ಲಿ ಇದು ಜೀವದ ಪ್ರಶ್ನೆ. ನಾಡದೋಣಿ ದಡ ಬಿಡುವಾಗಲೂ ಬರುವಾಗಲೂ ಅಲೆ ಮುರಿಯುವ ಜಾಗ ದಾಟಬೇಕು. ಅಲ್ಲಿ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಮುಂದಿನ ಅಲೆ ಮಗುಚುತ್ತದೆ. ಬಟ್ಟಲಲ್ಲಿ ಸೀಮೆಎಣ್ಣೆ ಉಳಿದರೆ ಮಾರನೆಯ ದಿನ ತಣ್ಣಗಿನ ಎಂಜಿನ್ ಹೊತ್ತುವುದಿಲ್ಲ, ಬಹಳ ದಿನ ನಿಂತರೆ ಅಂಟೂ ಕಟ್ಟುತ್ತದೆ. ಅದಕ್ಕೇ ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಬೇಕು. “ಮೊದ್ಲ್ ಕುಡ್ಸುದೂ ಪೆಟ್ರೋಲು, ಕಡಿಗ್ ಕುಡ್ಸುದೂ ಪೆಟ್ರೋಲು. ಚಿಮಣಿ ಎಣ್ಣಿ ನಡು ಮಧ್ಯ ಮಾತ್ರ” ಎಂದು ಮಡಿಕಲ್ಲಿನ ಅಜ್ಜರೊಬ್ಬರು ನನಗೆ ಹೇಳಿದ್ದರು. ಫೋರ್ಡ್‌ಸನ್ ಕಾಲದ ರೈತನ ಪಾಠವೂ ಇದೇ.

ಈಗ ಅಡುಗೆಮನೆಗೆ ಗ್ಯಾಸು ಬಂದಿದೆ. 2020ರ ಏಪ್ರಿಲ್ಲಿನಿಂದ ಹೊಸ ಹೊಗೆನಿಯಮ ಜಾರಿಯಾದ ಮೇಲೆ ಹೊಸ ಸ್ಕೂಟರು, ಬೈಕುಗಳಲ್ಲಿ ಕಾರ್ಬೊರೇಟರಿನ ಜಾಗಕ್ಕೆ ಎಣ್ಣೆಯನ್ನು ಅಳೆದು ಚಿಮ್ಮಿಸುವ ಇಂಜೆಕ್ಟರ್ ಬಂದಿದೆ. ಸೀಮೆಎಣ್ಣೆ ಸಾಲುತ್ತಿಲ್ಲವೆಂಬ ದೋಣಿಯವರ ಕೂಗು ವರ್ಷ ವರ್ಷವೂ ಕೇಳುತ್ತದೆ. ಹೊಸದು ಬರಲಿ, ಅಮ್ಮನ ರಟ್ಟೆ ನೋವು ಕಂಡ ನನಗೆ ಹಳೆಯದರ ವ್ಯಾಮೋಹವಿಲ್ಲ.

ಆದರೆ ಒಂದು ಮಾತು. ಬರ್ತಾ ತವರಿಗೆ ಹೋದ ದಾರಿಗೆ 2008ರಲ್ಲಿ ಅವಳ ಹೆಸರಿಟ್ಟು ಜರ್ಮನರು ಗೌರವಿಸಿದರು. ನಮ್ಮ ಮನೆಗಳಲ್ಲಿ ಯಂತ್ರ ತೊಳೆದು ಗದ್ದೆಗೆ ನೀರು ಹಾಯಿಸಿದ ಹೆಂಗಸರಿಗೆ ದಾರಿಯ ಹೆಸರೇನೂ ಬೇಡ. ಮೊಮ್ಮಗಳು ಎಂಜಿನಿಯರಿಂಗಿಗೆ ಸೇರಿದಾಗ “ನಮ್ಮ ವಂಶದಲ್ಲಿ ಇವಳೇ ಮೊದಲು” ಎನ್ನುವ ಮುಂಚೆ ಅಜ್ಜಿಯನ್ನು ಒಮ್ಮೆ ನೆನೆದರೆ ಸಾಕು.