ತಾಳಬೆಟ್ಟದಲ್ಲಿ ನಿಂತ ಯೆಜ್ಡಿ (ಭಾಗ 4)

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರಿಗೆ ಜಾವಾ ಹೊರಗಿನ ಗಾಡಿ ಅಲ್ಲ. ತಳಿ ಚೆಕೊಸ್ಲೊವಾಕಿಯಾದ್ದು, ಆದ್ರೆ 1961ರಿಂದ ತಯಾರಾಗಿದ್ದು ಪಕ್ಕದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ಆಮೇಲೆ ಯೆಜ್ಡಿ ಅಂತ ಹೆಸರಾಯ್ತು. ಕಿಕ್ಕೂ ಗೇರೂ ಒಂದೇ ಲಿವರ್, ನೋಡಿದ್ದೀರಾ?

ಟೂ ಸ್ಟ್ರೋಕ್ ಇಂಜಿನ್. ಪೆಟ್ರೋಲಿಗೇ ಆಯಿಲ್ ಬೆರೆಸಬೇಕು, ಜಾಸ್ತಿಯಾದ್ರೆ ಪ್ಲಗ್ ಮಸಿ ಹಿಡಿಯುತ್ತೆ. ಮಾದಪ್ಪನ ಬೆಟ್ಟಕ್ಕೆ ಹೋಗ್ತಾ ತಾಳಬೆಟ್ಟದ ಏರಲ್ಲಿ ಗಾಡಿ ಕೆಮ್ಮಿ ನಿಂತ್ರೆ ಮೊದಲು ಪ್ಲಗ್ ಬಿಚ್ಚಿ ನೋಡೋರು. ಒದ್ದೆ ಇದ್ರೆ ಪೆಟ್ರೋಲ್ ಓವರ್‌ಫ್ಲೋ ಆಗಿದೆ: ಕೀ ಆಫ್ ಮಾಡಿ, ಟ್ಯಾಪ್ ಮುಚ್ಚಿ, ನಾಲ್ಕು ಕಿಕ್ ಹೊಡೆದು, ಪ್ಲಗ್ ಒರೆಸಿ ಹಾಕೋದು. ಒಣಗಿದ್ರೆ ಪೆಟ್ರೋಲ್ ಬರ್ತಿಲ್ಲ. ಟ್ಯಾಂಕ್ ಮುಚ್ಚಳದ ಗಾಳಿತೂತು ಕಟ್ಟಿರಬಹುದು, ಇಲ್ಲಾ ಕಾರ್ಬುರೇಟರ್ ಜೆಟ್‌ನಲ್ಲಿ ಕಸ. ಜೆಟ್ ಬಿಚ್ಚಿ ಊದಿದ್ರೆ ಸಾಕು. ಪಿನ್ ಮಾತ್ರ ಚುಚ್ಚಬಾರದು, ತೂತು ಅಗಲವಾದ್ರೆ ಗಾಡಿ ಪೆಟ್ರೋಲ್ ಕುಡಿಯೋಕೆ ಶುರು ಮಾಡುತ್ತೆ.

1996ರಲ್ಲಿ ಕಾರ್ಖಾನೆ ಮುಚ್ಚಿತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂತು. ಈಗ ಕೆಲಸ ಕಲಿಯೋ ಹುಡುಗನ ಕೈಗೆ ಜೆಟ್ ಸಿಗೋದೇ ಅಪರೂಪ. ನಿಮ್ಮೂರ ಹಳೇ ಮೆಕ್ಯಾನಿಕ್ ಹತ್ರ ಯೆಜ್ಡಿ ಬಿಚ್ಚೋದು ಕಂಡ್ರೆ, ಕೇಳಿ ಒಂದು ವಿಡಿಯೋ ಮಾಡಿಟ್ಕೊಳ್ಳಿ. ಪಾಯಿಂಟ್ ಗ್ಯಾಪ್ ವಿಷ್ಯ ಮುಂದಿನ ಪೋಸ್ಟಲ್ಲಿ.